ಬೈಡನ್ ಜಾಗಕ್ಕೆ ಹ್ಯಾರಿಸ್: ಪ್ರೈಮರಿಯಲ್ಲಿ ಹಾಕಿದ ಮತ ಎಲ್ಲಿ ಹೋಯಿತು?

ಅಮೆರಿಕದ 2024ರ ಚುನಾವಣೆಯಲ್ಲಿ ಡೆಮಾಕ್ರಟಿಕ್ ಪಕ್ಷ ನಡುದಾರಿಯಲ್ಲಿ ಅಭ್ಯರ್ಥಿ ಬದಲಿಸಿದ್ದರ ಬಗ್ಗೆ ಇನ್ನೂ ಪ್ರಶ್ನೆಗಳು ಬರುತ್ತಲೇ ಇವೆ. ಈ ಸಲ ಅವುಗಳಲ್ಲಿ ಕೆಲವಕ್ಕೆ ಉತ್ತರ. (ಪ್ರೈಮರಿ ಅಂದರೆ ಪಕ್ಷದ ಅಭ್ಯರ್ಥಿ ಯಾರಾಗಬೇಕು ಎಂದು ಮತದಾರರೇ ಹೇಳುವ ಒಳಚುನಾವಣೆ.)

ಜೋ ಬೈಡನ್‌ಗೆ ಪ್ರೈಮರಿಯಲ್ಲಿ 1.4 ಕೋಟಿ ಜನ ಮತ ಹಾಕಿದ್ದರು. ಆಮೇಲೆ ಪಕ್ಷದ ದೊಡ್ಡವರೆಲ್ಲ ಸೇರಿ ಅವರನ್ನು ಇಳಿಸಿ, ಯಾರೂ ಆರಿಸದ ಉಪಾಧ್ಯಕ್ಷೆ ಕಮಲಾ ಹ್ಯಾರಿಸ್ ಅವರನ್ನು ನಿಲ್ಲಿಸಿದರು. ಟ್ರಂಪ್ ಇದನ್ನು ಕ್ಷಿಪ್ರಕ್ರಾಂತಿ ಅಂದರು. ಪ್ರಜಾಪ್ರಭುತ್ವ ಉಳಿಸುತ್ತೇವೆ ಎನ್ನುವ ಪಕ್ಷವೇ ಹೀಗೆ ಮಾಡಬಹುದೇ ಸರ್?
— ರಾಜ್ಯಶಾಸ್ತ್ರ ವಿದ್ಯಾರ್ಥಿ, ಹಾಸನ

ಇಲ್ಲಿ ಎರಡು ಪ್ರಶ್ನೆಗಳಿವೆ. ಕಾನೂನು ಮುರಿದರೇ ಅನ್ನುವುದು ಒಂದು. ಜನರ ಮಾತು ಮೀರಿದರೇ ಅನ್ನುವುದು ಇನ್ನೊಂದು. ಟಿವಿಯಲ್ಲಿ ಕೂಗಾಡಿದವರು ಇವೆರಡನ್ನೂ ಕಲಸಿಬಿಟ್ಟರು.

ಕಾನೂನಿನ ಮಾತು ಬೇಗ ಮುಗಿಯುತ್ತದೆ. ಅಮೆರಿಕದ ಸಂವಿಧಾನದಲ್ಲಿ ರಾಜಕೀಯ ಪಕ್ಷ ಅನ್ನುವ ಮಾತೇ ಇಲ್ಲ. ಅಭ್ಯರ್ಥಿಯನ್ನು ಹೇಗೆ ಆರಿಸಬೇಕು ಅನ್ನುವುದು ಬಹುಪಾಲು ಪಕ್ಷದ ನಿಯಮಕ್ಕೆ ಬಿಟ್ಟದ್ದು. ಪಕ್ಷದ ಡೆಲಿಗೇಟ್‌ಗಳು, ಅಂದರೆ ಮತದಾರರ ಪರವಾಗಿ ಪಕ್ಷದ ಸಮಾವೇಶಕ್ಕೆ ಹೋಗುವ ಪ್ರತಿನಿಧಿಗಳು, ಮತ ಹಾಕುವ ತನಕ ಯಾರೂ ಅಧಿಕೃತ ಅಭ್ಯರ್ಥಿ ಅಲ್ಲ. ಬೈಡನ್ ಹಿಂದೆ ಸರಿದದ್ದು 2024ರ ಜುಲೈ 21ರಂದು. ಸಮಾವೇಶ ಇದ್ದದ್ದು ಆಗಸ್ಟ್ 19ರಿಂದ. ಅಂದರೆ ಯಾವ ರಾಜ್ಯದ ಮತಪತ್ರದಲ್ಲೂ ಅವರ ಹೆಸರನ್ನು ಅಳಿಸಬೇಕಾಗಿ ಬರಲಿಲ್ಲ. ಇದಕ್ಕೆ ಕಾನೂನಿನ ಅಡ್ಡಿ ಬರುತ್ತದೆ ಎಂದು ಆಗಿನ ಸ್ಪೀಕರ್, ರಿಪಬ್ಲಿಕನ್ ಪಕ್ಷದ ಮೈಕ್ ಜಾನ್ಸನ್ ಹೇಳಿದ್ದರು. ಆದರೆ ಹ್ಯಾರಿಸ್ ಹೆಸರು ಐವತ್ತೂ ರಾಜ್ಯಗಳ ಮತಪತ್ರದಲ್ಲಿ ಬಂತು.

ಕ್ಷಿಪ್ರಕ್ರಾಂತಿ ಅನ್ನುವುದಂತೂ ಅತಿಯಾಯಿತು. ಬೈಡನ್ ಬಿಟ್ಟುಕೊಟ್ಟದ್ದು ಟಿಕೆಟ್ಟನ್ನು, ಕುರ್ಚಿಯನ್ನಲ್ಲ. 2025ರ ಜನವರಿ 20ರವರೆಗೆ ಅವರೇ ಅಧ್ಯಕ್ಷರಾಗಿದ್ದರು.

ಆದರೆ ಎರಡನೇ ಪ್ರಶ್ನೆ ಅಷ್ಟು ಸುಲಭದ್ದಲ್ಲ. ಬೈಡನ್ ಅವರೇ ಜುಲೈ 8ರಂದು ತಮ್ಮ ಪಕ್ಷದ ಸಂಸದರಿಗೆ ಒಂದು ಪತ್ರ ಬರೆದಿದ್ದರು. ಜೂನ್ 27ರ ಅಟ್ಲಾಂಟಾ ಡಿಬೇಟ್‌ನಲ್ಲಿ ಮಾತು ಸೋತು, ಎಲ್ಲರೂ ಇಳಿಯಿರಿ ಇಳಿಯಿರಿ ಎನ್ನುತ್ತಿದ್ದ ಹೊತ್ತು ಅದು. ನನಗೆ 1.4 ಕೋಟಿಗೂ ಹೆಚ್ಚು ಮತ ಬಂದಿದೆ, ಒಟ್ಟು ಮತದಲ್ಲಿ ಶೇ 87, ಸುಮಾರು 3,900 ಡೆಲಿಗೇಟ್‌ಗಳಿದ್ದಾರೆ. ಅಭ್ಯರ್ಥಿ ಯಾರು ಅಂತ ತೀರ್ಮಾನಿಸಬೇಕಾದವರು ಮತದಾರರು, ಪತ್ರಕರ್ತರೂ ಅಲ್ಲ, ದೇಣಿಗೆ ಕೊಡುವವರೂ ಅಲ್ಲ ಅನ್ನುವುದು ಪತ್ರದ ಸಾರ. ಎರಡೇ ವಾರದಲ್ಲಿ ರಿಪಬ್ಲಿಕನ್ನರು ಇದೇ ವಾದವನ್ನು ಎತ್ತಿಕೊಂಡು ಡೆಮಾಕ್ರಟರ ಮೇಲೆ ತಿರುಗಿಸಿದರು. ಬೈಡನ್ ಪತ್ರ ಬರೆದಾಗ ಚಪ್ಪಾಳೆ ತಟ್ಟಿದವರು ಈಗ ಅದು ಟೊಳ್ಳು ವಾದ ಅಂದರು!

ನನ್ನ ಪ್ರಕಾರ ಮತದಾರರಿಗೆ ಅನ್ಯಾಯ ಆದದ್ದು ಜುಲೈನಲ್ಲಿ ಅಲ್ಲ. ಅದಕ್ಕೂ ಮೊದಲೇ ಆಗಿತ್ತು. ಆ ಶೇ 87 ಹೇಗೆ ಬಂತು ನೋಡಿ. ಪಕ್ಷ ಒಂದೇ ಒಂದು ಡಿಬೇಟ್ ನಡೆಸಲಿಲ್ಲ. ಫ್ಲಾರಿಡಾದಲ್ಲಿ ಪಕ್ಷ ಬೈಡನ್ ಒಬ್ಬರದೇ ಹೆಸರು ಕೊಟ್ಟಿತು, ಹಾಗಾಗಿ ಅಲ್ಲಿ ಪ್ರೈಮರಿಯೇ ನಡೆಯಲಿಲ್ಲ. ಮಿನೆಸೋಟದ ಸಂಸದ ಡೀನ್ ಫಿಲಿಪ್ಸ್ ಒಬ್ಬರು, ಇವರಿಗೆ ವಯಸ್ಸಾಗಿದೆ, ಬೇರೆಯವರು ಬೇಕು ಎನ್ನುತ್ತಾ ಊರೂರು ಸುತ್ತಿದರು. ಪಕ್ಷದವರು ಅವರನ್ನು ಸುಮ್ನೆ ತಲೆಹರಟೆ ಮಾಡುವವನಂತೆ ನೋಡಿದರು. ಮಾರ್ಚ್‌ನಲ್ಲಿ ಅವರು ಕಣ ಬಿಟ್ಟರು. ನಾಲ್ಕೇ ತಿಂಗಳಲ್ಲಿ ಅವರ ಮಾತನ್ನೇ ಇಡೀ ಪಕ್ಷ ಆಡತೊಡಗಿತು. ಬೇರೆ ಆಯ್ಕೆ ಕಾಣದ ಮತದಾರರು ಇದ್ದದ್ದರಲ್ಲೇ ಸಿಟ್ಟು ತೋರಿಸಿದರು. ಗಾಜಾ ಯುದ್ಧದ ಮೇಲಿನ ಅಸಮಾಧಾನದಲ್ಲಿ ಮಿಷಿಗನ್‌ನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ‘ಯಾರಿಗೂ ಬದ್ಧರಲ್ಲ’ ಎಂಬ ಕಲಂಗೆ ಗುರುತು ಹಾಕಿ ಬಂದರು.

ಪೈಪೋಟಿಯೇ ಇಲ್ಲದ ಪ್ರೈಮರಿಯ ಫಲಿತಾಂಶವನ್ನು ಜನರ ಪವಿತ್ರ ತೀರ್ಪು ಎನ್ನುವುದು ನನಗೆ ಕಷ್ಟ. ಹಾಗಂತ ಆ ಪ್ರೈಮರಿಯನ್ನು ಹಾಗೆ ಮಾಡಿಟ್ಟವರು ಯಾರು? ಆಮೇಲೆ ಬದಲಾವಣೆಯನ್ನು ಕೊಂಡಾಡಿದ ಅದೇ ನಾಯಕರು, ಅಲ್ವಾ?

ನಾನು ಡಲ್ಲಾಸ್‌ನಲ್ಲಿದ್ದೇನೆ, ಅಮೆರಿಕದ ಪೌರತ್ವ ಇದೆ. 2024ರ ಮಾರ್ಚ್ 5ರಂದು ಬೈಡನ್‌ಗೆ ಮತ ಹಾಕಿದೆ. ನನ್ನ ಮತ ಲೆಕ್ಕಕ್ಕೇ ಇಲ್ಲವಾಯಿತಾ? ಬೈಡನ್‌ಗೆ ಹಾಕಿದ್ದೆಂದರೆ ಹ್ಯಾರಿಸ್‌ಗೂ ಹಾಕಿದಂತೆಯೇ ಅಂತ ಇಲ್ಲಿನ ಕನ್ನಡಿಗ ಗೆಳೆಯರು ಸಮಾಧಾನ ಹೇಳುತ್ತಾರೆ.
— ಗೃಹಿಣಿ, ಡಲ್ಲಾಸ್

ಗೆಳೆಯರ ಸಮಾಧಾನ ಅಷ್ಟು ಗಟ್ಟಿಯಲ್ಲ. ಪ್ರೈಮರಿಯ ಮತಪತ್ರದಲ್ಲಿ ಉಪಾಧ್ಯಕ್ಷರ ಹೆಸರು ಇರುವುದೇ ಇಲ್ಲ. ಅವರನ್ನು ನಿಲ್ಲಿಸುವುದು ಸಮಾವೇಶ. ಹ್ಯಾರಿಸ್ 2020ರ ಸ್ಪರ್ಧೆಗೆ ಇಳಿದಿದ್ದರು ನಿಜ, ಆದರೆ ಮೊದಲ ಮತ ಬೀಳುವ ಮೊದಲೇ, 2019ರ ಡಿಸೆಂಬರ್‌ನಲ್ಲಿ ಹೊರಬಂದಿದ್ದರು. ಅಧ್ಯಕ್ಷರಿಗೆ ಏನಾದರೂ ಆದರೆ ಹ್ಯಾರಿಸ್ ಅವರೇ ಬರುತ್ತಾರೆ ಅಂತ ಗೊತ್ತಿದ್ದೇ ಜನ ಮತ ಹಾಕಿದರು ಎನ್ನಬಹುದು. ಅದರಾಚೆಗೆ ಆ ವಾದವನ್ನು ಎಳೆಯಬಾರದು.

ನಿಮ್ಮ ಮತ ಆರಿಸಿದ್ದು ಡೆಲಿಗೇಟ್‌ಗಳನ್ನು. ಬೈಡನ್ ಪಾಲಿಗೆ ಬಂದ ಡೆಲಿಗೇಟ್‌ಗಳ ಪಟ್ಟಿಯನ್ನು ಬೈಡನ್ ಪ್ರಚಾರ ತಂಡವೇ ನೋಡಿ ಒಪ್ಪಿಗೆ ಕೊಡುತ್ತದೆ. ಹಾಗಾಗಿ ಅವರೆಲ್ಲ ಅವರದೇ ನಿಷ್ಠರು. ಆದರೂ ನಿಯಮ ಅವರನ್ನು ಕಟ್ಟಿಹಾಕುವುದಿಲ್ಲ. ತಮ್ಮನ್ನು ಆರಿಸಿದವರ ಭಾವನೆಯನ್ನು ಆತ್ಮಸಾಕ್ಷಿಗೆ ತಕ್ಕಂತೆ ಪ್ರತಿನಿಧಿಸಬೇಕು ಎಂದಷ್ಟೇ ಪಕ್ಷದ ನಿಯಮ ಹೇಳುತ್ತದೆ. ಇನ್ನು ಬೈಡನ್ ಅವರೇ ಬಿಡುಗಡೆ ಮಾಡಿದ ಮೇಲೆ ಅವರು ಯಾರಿಗೆ ಬದ್ಧರಾಗಿರಬೇಕಿತ್ತು? ಹಿಂದೆ ಸರಿದ ಅರ್ಧ ಗಂಟೆಯಲ್ಲೇ ಬೈಡನ್ ಹ್ಯಾರಿಸ್‌ಗೆ ಬೆಂಬಲ ಘೋಷಿಸಿದರು. ಮಾರನೇ ದಿನ ರಾತ್ರಿಯೊಳಗೆ ಬಹುಮತಕ್ಕೆ ಬೇಕಾದ 1,976ಕ್ಕಿಂತ ಜಾಸ್ತಿ ಡೆಲಿಗೇಟ್‌ಗಳು ಅವರ ಕಡೆ ಬಂದಿದ್ದರು.

ಇವರಲ್ಲದೆ ಪದನಿಮಿತ್ತ ಡೆಲಿಗೇಟ್‌ಗಳು ಬೇರೆ ಇದ್ದಾರೆ. ಸೂಪರ್‌ಡೆಲಿಗೇಟ್ ಅಂತ ಕೇಳಿರುತ್ತೀರಿ. ಪಕ್ಷದ ಎಲ್ಲ ಸಂಸದರೂ ಈ ಗುಂಪಿಗೆ ಸೇರುತ್ತಾರೆ. ನಮ್ಮ ಚಿಕ್ಕೋಡಿಯಲ್ಲಿ ಹುಟ್ಟಿ, ಬೆಳಗಾವಿಯಲ್ಲಿ ಬೆಳೆದು, ಈಗ ಡೆಟ್ರಾಯಿಟ್ ಭಾಗದ ಸಂಸದರಾಗಿರುವ ಶ್ರೀ ಥಾಣೇದಾರ್ ಕೂಡ ಸಂಸದರಾಗಿಯೇ ಈ ಹಕ್ಕು ಪಡೆದವರು. 2018ರಲ್ಲಿ ತಿದ್ದಿದ ನಿಯಮದಂತೆ, ಪೈಪೋಟಿ ಇದ್ದರೆ ಮೊದಲ ಸುತ್ತಿನಲ್ಲಿ ಇವರು ಮತ ಹಾಕುವಂತಿಲ್ಲ. 2024ರಲ್ಲಿ ಪೈಪೋಟಿಯೇ ಇರಲಿಲ್ಲ.

ಅಂದ ಹಾಗೆ, ಹಾಲಿ ಡೆಮಾಕ್ರಟ್ ಸಂಸದರಲ್ಲಿ ಬೈಡನ್ ಇಳಿಯಲಿ ಎಂದು ಮೊಟ್ಟಮೊದಲು ಬಾಯಿಬಿಟ್ಟವರು ನಿಮ್ಮ ಟೆಕ್ಸಸ್‌ನವರೇ, ಲಾಯ್ಡ್ ಡಾಗೆಟ್. ಅದು ಜುಲೈ 2.

ಹೊಸದಾಗಿ ಒಂದು ಸಣ್ಣ ಪ್ರೈಮರಿ ನಡೆಸಿದ್ದರೆ ತಕರಾರೇ ಇರುತ್ತಿರಲಿಲ್ಲ ಅಲ್ವಾ? ಏಕೆ ನಡೆಸಲಿಲ್ಲ?
— ನಿವೃತ್ತ ಶಿಕ್ಷಕರು, ದಾವಣಗೆರೆ

ಆಗ ಹಲವರು ಇದನ್ನೇ ಕೇಳಿದರು. ಹ್ಯಾರಿಸ್ ಪರ ಇರಬಹುದಾದ ವಲಯಗಳಿಂದಲೂ ಈ ಬೇಡಿಕೆ ಬಂತು. ಆದರೆ ಪ್ರೈಮರಿ ಬಹುತೇಕ ಕಡೆ ರಾಜ್ಯ ಸರ್ಕಾರ ನಡೆಸುವ ಚುನಾವಣೆ. ಮತಗಟ್ಟೆ, ಸಿಬ್ಬಂದಿ, ಮತಪತ್ರ ಮುದ್ರಣ, ವಿದೇಶದಲ್ಲಿರುವ ಸೈನಿಕರಿಗೆ ಅಂಚೆಯಲ್ಲಿ ಕಳಿಸುವುದು, ಇದೆಲ್ಲ ನಾಲ್ಕು ವಾರದ ಕೆಲಸವಲ್ಲ.

ಓಹಿಯೋ ಗಡುವಿನ ಕಥೆ ಬೇರೆ ಇತ್ತು. ಅಲ್ಲಿನ ಕಾನೂನಿನಂತೆ ಅಭ್ಯರ್ಥಿಯ ಹೆಸರನ್ನು ಆಗಸ್ಟ್ 7ರೊಳಗೆ ಕೊಡಬೇಕಿತ್ತು. ಸಮಾವೇಶ ಅದರ ನಂತರ. ರಾಜ್ಯ ಗಡುವನ್ನು ಮುಂದೂಡಿ ಕಾನೂನು ಮಾಡಿತಾದರೂ ಅದು ಜಾರಿಗೆ ಬರುವ ದಿನ ಹಳೆಯ ಗಡುವಿನ ಆಚೆಗಿತ್ತು. ಯಾರಾದರೂ ಕೋರ್ಟಿಗೆ ಹೋದರೆ ಕಷ್ಟ ಅಂತ, ಸಮಾವೇಶಕ್ಕೂ ಮೊದಲು ಡೆಲಿಗೇಟ್‌ಗಳ ಆನ್‌ಲೈನ್ ಮತದಾನ ಮುಗಿಸುವುದೆಂದು ಪಕ್ಷ ಮೇ ತಿಂಗಳಲ್ಲೇ ಹೇಳಿತ್ತು. ಅಂದರೆ ಆನ್‌ಲೈನ್ ಮತದಾನದ ಯೋಚನೆ ಹ್ಯಾರಿಸ್‌ಗಾಗಿ ಹುಟ್ಟಿದ್ದಲ್ಲ.

ಬಾಗಿಲು ಪೂರ್ತಿ ಮುಚ್ಚಿರಲೂ ಇಲ್ಲ. 300 ಡೆಲಿಗೇಟ್‌ಗಳ ಸಹಿ ತಂದವರು ಸ್ಪರ್ಧಿಸಬಹುದಿತ್ತು, ಒಂದೇ ರಾಜ್ಯದಿಂದ 50ಕ್ಕಿಂತ ಜಾಸ್ತಿ ಸಹಿ ಲೆಕ್ಕಕ್ಕಿಲ್ಲ ಅನ್ನುವ ಷರತ್ತಿನ ಮೇಲೆ. ಅದನ್ನು ಮುಟ್ಟಿದವರು ಹ್ಯಾರಿಸ್ ಒಬ್ಬರೇ. ಕೊನೆಗೆ 4,567 ಡೆಲಿಗೇಟ್‌ಗಳು ಅವರಿಗೆ ಮತ ಹಾಕಿದರು.

ಹಾಗಿದ್ದರೂ ಒಂದು ಮಾತು. ಪ್ರೈಮರಿ ಅಸಾಧ್ಯವಾಗಿತ್ತು, ಸರಿ. ಆದರೆ ನಾಲ್ಕೈದು ಜನರನ್ನು ವೇದಿಕೆಗೆ ಕರೆದು ಎರಡು ಡಿಬೇಟ್ ನಡೆಸುವುದು ಅಸಾಧ್ಯವೇನೂ ಆಗಿರಲಿಲ್ಲ. ಗವರ್ನರ್‌ಗಳಲ್ಲಿ ಆಸೆ ಇದ್ದವರು ಇದ್ದರು. ಒಬ್ಬೊಬ್ಬರಾಗಿ ಒಂದೆರಡು ದಿನದಲ್ಲೇ ಹ್ಯಾರಿಸ್ ಬೆಂಬಲಕ್ಕೆ ನಿಂತರು. ಜಗಳ ಬೇಡ ಅನ್ನುವುದು ಪಕ್ಷದ ಲೆಕ್ಕ. ದುಡ್ಡಿನ ಲೆಕ್ಕವೂ ಇತ್ತು. ಪ್ರಚಾರ ಸಮಿತಿ ಬೈಡನ್–ಹ್ಯಾರಿಸ್ ಇಬ್ಬರ ಹೆಸರಲ್ಲೂ ನೋಂದಣಿಯಾಗಿತ್ತು, ಅದರಲ್ಲಿದ್ದ 9 ಕೋಟಿ ಡಾಲರ್‌ಗೂ ಹೆಚ್ಚು ಹಣ ಹ್ಯಾರಿಸ್ ಕೈಗೆ ನೇರ ಬಂತು. ಬೇರೆ ಯಾರಾದರೂ ಆಗಿದ್ದರೆ ಅಷ್ಟು ಸಲೀಸಾಗುತ್ತಿರಲಿಲ್ಲ. ಟ್ರಂಪ್ ತಂಡ ಇದರ ವಿರುದ್ಧ ಚುನಾವಣಾ ಆಯೋಗಕ್ಕೆ ದೂರು ಕೊಟ್ಟಿತ್ತು.

ರಿಪಬ್ಲಿಕನ್ನರೇ ಆ ಜಾಗದಲ್ಲಿದ್ದಿದ್ದರೆ?
— ಮೈಸೂರು

ಊಹಿಸಬೇಕಿಲ್ಲ, ಉದಾಹರಣೆಗಳೇ ಇವೆ. 2016ರ ಅಕ್ಟೋಬರ್‌ನಲ್ಲಿ ಟ್ರಂಪ್ ಮಹಿಳೆಯರ ಬಗ್ಗೆ ಆಡಿದ ಮಾತಿನ ಟೇಪ್ ಹೊರಬಂತು. ಚುನಾವಣೆಗೆ ಒಂದು ತಿಂಗಳಷ್ಟೇ ಉಳಿದಿತ್ತು. ಪ್ರೈಮರಿ ಗೆದ್ದು, ಸಮಾವೇಶದಲ್ಲಿ ಆಯ್ಕೆಯೂ ಆಗಿದ್ದ ಅಭ್ಯರ್ಥಿ ಇಳಿಯಬೇಕು ಎಂದು ಅವರ ಪಕ್ಷದ ಎಷ್ಟೋ ಸಂಸದರು ಕೇಳಿದರು. ಆಗ ಪ್ರೈಮರಿ ಮತದಾರರ ನೆನಪು ಅವರಿಗೆ ಆದ ಹಾಗಿಲ್ಲ. 2020ರಲ್ಲಿ ಟ್ರಂಪ್ ಹಾಲಿ ಅಧ್ಯಕ್ಷರು. ಸೌತ್ ಕ್ಯಾರೊಲಿನಾ, ನೆವಾಡಾ, ಕ್ಯಾನ್ಸಸ್, ಅರಿಜೋನಾಗಳಲ್ಲಿ ಪಕ್ಷದವರು ಪ್ರೈಮರಿ ಅಥವಾ ಕಾಕಸ್ಸನ್ನೇ (ಪ್ರೈಮರಿ ಬದಲು ಪಕ್ಷದ ಸಭೆ ಸೇರಿ ಆರಿಸುವ ಪದ್ಧತಿ) ಕೈಬಿಟ್ಟರು.

ಡೆಮಾಕ್ರಟರ ಕಡೆಯಿಂದ ನ್ಯೂಜೆರ್ಸಿ ಪ್ರಕರಣ ನೋಡಿ. 2002ರಲ್ಲಿ ಅಲ್ಲಿನ ಸೆನೆಟರ್ ರಾಬರ್ಟ್ ಟಾರಿಸೆಲ್ಲಿ ಉಡುಗೊರೆ ಹಗರಣದಲ್ಲಿ ಸಿಕ್ಕಿಬಿದ್ದು, ಸೋಲು ಖಚಿತವಾದಾಗ ಸೆಪ್ಟೆಂಬರ್ 30ರಂದು ಕಣ ಬಿಟ್ಟರು. ಹೆಸರು ಬದಲಿಸಲು ಕಾನೂನಿನಲ್ಲಿ ಮತದಾನಕ್ಕೆ 51 ದಿನ ಮುಂಚಿನ ಗಡುವು ಇತ್ತು. ಉಳಿದಿದ್ದದ್ದು 36 ದಿನ. ಮತದಾರರಿಗೆ ನಿಜವಾದ ಆಯ್ಕೆ ಬೇಕು ಎಂದು ಡೆಮಾಕ್ರಟರು, ನಿಯಮ ಅಂದರೆ ನಿಯಮ ಎಂದು ರಿಪಬ್ಲಿಕನ್ನರು ಕೋರ್ಟಿನಲ್ಲಿ ನಿಂತರು. ರಾಜ್ಯದ ಸುಪ್ರೀಂ ಕೋರ್ಟ್ ಬದಲಾವಣೆಗೆ ಒಪ್ಪಿತು. ಬದಲಿಗೆ ಬಂದ ಫ್ರಾಂಕ್ ಲಾಟನ್‌ಬರ್ಗ್ ಗೆದ್ದರು. ಇದು 2024ಕ್ಕಿಂತ ಎಷ್ಟೋ ದೊಡ್ಡ ಸರ್ಕಸ್, ಏಕೆಂದರೆ ಇಲ್ಲಿ ಗಡುವು ನಿಜಕ್ಕೂ ಮೀರಿತ್ತು.

ಅದೇ ಡೆಮಾಕ್ರಟರು 2024ರಲ್ಲಿ ಪಕ್ಷೇತರರಾಗಿ ನಿಂತಿದ್ದ ರಾಬರ್ಟ್ ಕೆನಡಿ ಜೂನಿಯರ್ ಹೆಸರನ್ನು ಮೊದಲು ಮತಪತ್ರಗಳಿಂದ ಹೊರಗಿಡಲು ಓಡಾಡಿದರು. ಆಗಸ್ಟ್‌ನಲ್ಲಿ ಅವರು ಟ್ರಂಪ್ ಪರ ನಿಂತು, ನನ್ನ ಹೆಸರು ತೆಗೆಯಿರಿ ಎಂದಾಗ ಮಿಷಿಗನ್, ವಿಸ್ಕಾನ್ಸಿನ್‌ಗಳಲ್ಲಿ ಹೆಸರು ಹಾಗೇ ಉಳಿಯಿತು. ಅಲ್ಲಿ ಗಡುವಿನ ನಿಯಮ ಡೆಮಾಕ್ರಟರಿಗೆ ಬಹಳ ಪ್ರಿಯವಾಯಿತು.

ನಮ್ಮ ಜಯನಗರದಲ್ಲಿ 2018ರಲ್ಲಿ ಬಿ.ಎನ್. ವಿಜಯಕುಮಾರ್ ತೀರಿಕೊಂಡಾಗ ಚುನಾವಣೆಯನ್ನೇ ಮುಂದೂಡಿದ್ದರು. ಅಮೆರಿಕದಲ್ಲೂ ಹಾಗೆ ಮಾಡಬಹುದಿತ್ತಲ್ಲ?
— ಬ್ಯಾಂಕ್ ಉದ್ಯೋಗಿ, ಬೆಂಗಳೂರು

ನಮ್ಮ ಜನಪ್ರಾತಿನಿಧ್ಯ ಕಾಯ್ದೆಯ 52ನೇ ಕಲಂ ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿ ತೀರಿಕೊಂಡರೆ ಮಾತ್ರ ಅನ್ವಯಿಸುತ್ತದೆ. ಪಕ್ಷಕ್ಕೆ ಇನ್ನೊಬ್ಬರನ್ನು ನಿಲ್ಲಿಸಲು ಅವಕಾಶ ಕೊಟ್ಟು ಮತದಾನ ಮುಂದೆ ಹಾಕುತ್ತಾರೆ. ಜಯನಗರದಲ್ಲಿ ಜೂನ್ 11ಕ್ಕೆ ಮತದಾನ ನಡೆದು, ವಿಜಯಕುಮಾರ್ ಅವರ ಸೋದರ ಪ್ರಹ್ಲಾದ್ ವಿರುದ್ಧ ಸೌಮ್ಯಾ ರೆಡ್ಡಿ ಗೆದ್ದರು. ಗಡುವು ಮುಗಿದ ಮೇಲೆ ಒಬ್ಬರು ಸುಮ್ನೆ ಹಿಂದೆ ಸರಿದರೆ ನಮ್ಮಲ್ಲೂ ಮತಯಂತ್ರದಲ್ಲಿ ಹೆಸರು ಉಳಿದೇ ಇರುತ್ತದೆ.

ಅಧ್ಯಕ್ಷ ಚುನಾವಣೆಯ ದಿನವನ್ನು ಅಮೆರಿಕದಲ್ಲಿ ಸಂಸತ್ತಿನ ಕಾನೂನು ಗೊತ್ತುಮಾಡುತ್ತದೆ. ಅಭ್ಯರ್ಥಿಗೆ ಏನೇ ಆದರೂ ಅದು ಕದಲುವುದಿಲ್ಲ. 2000ದಲ್ಲಿ ಮಿಸ್ಸೂರಿ ಗವರ್ನರ್ ಮೆಲ್ ಕಾರ್ನಹಾನ್ ಸೆನೆಟ್‌ಗೆ ನಿಂತಿದ್ದರು. ಮತದಾನಕ್ಕೆ ಮೂರು ವಾರ ಇರುವಾಗ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಹೆಸರು ತೆಗೆಯುವ ಸಮಯ ಮೀರಿತ್ತು. ಜನ ತೀರಿಕೊಂಡವರನ್ನೇ ಗೆಲ್ಲಿಸಿದರು, ಆ ಸ್ಥಾನಕ್ಕೆ ಅವರ ಪತ್ನಿ ಜೀನ್ ನೇಮಕವಾದರು.

ನಮ್ಮಲ್ಲಿ ಬಿ ಫಾರಂ ಯಾರಿಗೆ ಅನ್ನುವುದನ್ನು ಹೈಕಮಾಂಡ್ ತೀರ್ಮಾನಿಸುತ್ತದೆ, ಮತದಾರರನ್ನು ಯಾರೂ ಕೇಳುವುದಿಲ್ಲ. ಆದ್ದರಿಂದ ಅಮೆರಿಕದ ಈ ಗಲಾಟೆ ನಮಗೆ ವಿಚಿತ್ರ ಅನ್ನಿಸಬಹುದು. ಅವರಿಗೆ ಕೇಳಿ ಅಭ್ಯಾಸವಾಗಿದೆ, ಅದಕ್ಕೇ ಕೇಳದಿದ್ದಾಗ ಕೋಪ ಬರುತ್ತದೆ.

ಇದು ಹಿಂದೆ ಎಂದಾದರೂ ಆಗಿತ್ತೇ? ಆಮೇಲೆ ನಿಯಮ ಬದಲಾಯಿತೇ?
— ಶಿವಮೊಗ್ಗ

1968. ಲಿಂಡನ್ ಜಾನ್ಸನ್ ಮಾರ್ಚ್ 31ರಂದು, ನಾನು ಮತ್ತೆ ನಿಲ್ಲುವುದಿಲ್ಲ ಎಂದರು. ಉಪಾಧ್ಯಕ್ಷ ಹ್ಯೂಬರ್ಟ್ ಹಂಫ್ರಿ ಒಂದೂ ಪ್ರೈಮರಿಗೆ ಇಳಿಯದೆ, ಪಕ್ಷದ ಮುಖಂಡರ ಬಲದಿಂದ ಶಿಕಾಗೋ ಸಮಾವೇಶದಲ್ಲಿ ಅಭ್ಯರ್ಥಿಯಾದರು. ಪ್ರೈಮರಿಗಳಲ್ಲಿ ಗೆಲ್ಲುತ್ತಿದ್ದ ರಾಬರ್ಟ್ ಕೆನಡಿ (ಮೇಲೆ ಹೇಳಿದ ಜೂನಿಯರ್ ಅವರ ತಂದೆ) ಜೂನ್‌ನಲ್ಲಿ ಕೊಲೆಯಾಗಿದ್ದರು. ವಿಯೆಟ್ನಾಂ ಯುದ್ಧದ ವಿರುದ್ಧ ಬೀದಿಗಿಳಿದ ಯುವಕರಿಗೆ ಶಿಕಾಗೋ ಪೊಲೀಸರು ಲಾಠಿ ಬೀಸಿದ್ದನ್ನು ದೇಶ ಟಿವಿಯಲ್ಲಿ ನೋಡಿತು. ನವೆಂಬರ್‌ನಲ್ಲಿ ಹಂಫ್ರಿ ನಿಕ್ಸನ್‌ಗೆ ಸೋತರು.

ಆ ಕೋಪವೇ ಇವತ್ತಿನ ಪ್ರೈಮರಿ ಪದ್ಧತಿಗೆ ಕಾರಣ. ಡೆಮಾಕ್ರಟಿಕ್ ಪಕ್ಷ ನೇಮಿಸಿದ ಮೆಕ್‌ಗವರ್ನ್ ಮತ್ತು ಫ್ರೇಸರ್ ಅವರ ಸಮಿತಿ ನಿಯಮ ತಿದ್ದಿತು. 1972ರಿಂದ ಡೆಲಿಗೇಟ್‌ಗಳು ಮುಖಂಡರ ಜೇಬಿನಿಂದ ಮತದಾರರ ಕೈಗೆ ಬಂದರು. ರಿಪಬ್ಲಿಕನ್ ಪಕ್ಷವೂ ಅದೇ ದಾರಿ ಹಿಡಿಯಿತು.

2024ರ ಡೆಮಾಕ್ರಟಿಕ್ ಸಮಾವೇಶವೂ ಶಿಕಾಗೋದಲ್ಲೇ ನಡೆಯಿತು. ಹ್ಯಾರಿಸ್‌ಗೆ ಸಿಕ್ಕಿದ್ದು 107 ದಿನ. ಅಧ್ಯಕ್ಷರನ್ನು ಆರಿಸುವ ಎಲೆಕ್ಟರ್‌ಗಳಲ್ಲಿ 226 ಮಂದಿಯನ್ನು ಗೆದ್ದರು, ಟ್ರಂಪ್ 312. ಬೈಡನ್ ಮೊದಲೇ ಸರಿದಿದ್ದರೆ ಮುಕ್ತ ಸ್ಪರ್ಧೆ ನಡೆಯಬಹುದಿತ್ತು ಎಂದು ಡೆಮಾಕ್ರಟಿಕ್ ಪಕ್ಷದ ಮಾಜಿ ಸ್ಪೀಕರ್ ನ್ಯಾನ್ಸಿ ಪೆಲೋಸಿ ಸೋಲಿನ ನಂತರ ಹೇಳಿದರು. ಹಾಲಿ ಅಧ್ಯಕ್ಷರು ಮತ್ತೆ ನಿಲ್ಲುವಾಗ ಅವರಿಗೆ ಎದುರಾಳಿ ಬಂದರೆ ಡಿಬೇಟ್ ಕಡ್ಡಾಯ ಎನ್ನುವ ನಿಯಮ 2024ರಲ್ಲಿ ಎರಡೂ ಪಕ್ಷಗಳಲ್ಲಿ ಇರಲಿಲ್ಲ. ತಿದ್ದುವುದಿದ್ದರೆ ನಾನು ಅಲ್ಲಿಂದಲೇ ಶುರುಮಾಡುತ್ತಿದ್ದೆ.