ಅರ್ಧಕ್ಕೆ ಬಿಡೋದು ಮಗನಾ, ಅವ್ವನಾ?

(ಹೆಸರು, ಗುರುತು ಬದಲಿಸಿದ್ದೇನೆ.)

ಹುಬ್ಬಳ್ಳಿ ವಿದ್ಯಾನಗರದ ಕಡೆಯ ಮನೆ. ಅಪ್ಪ, ಅವ್ವ, ಅಜ್ಜಿ, ಏಳನೇ ಕ್ಲಾಸಿನ ಮಗ. ಅವನನ್ನು ಅಭಿ ಅನ್ನೋಣ. ಸಲಹೆ ಕೇಳೋಕೆ ನನ್ನ ಹತ್ತಿರ ಬಂದ ತಾಯಿಯ ದೂರು ಒಂದೇ: "ಮೇಡಮ್, ಇಂವ ಯಾವ ಕೆಲಸಾನೂ ಪೂರಾ ಮಾಡಂಗಿಲ್ರಿ. ಅರ್ಧಕ್ಕ ಬಿಟ್ಟು ಎದ್ದು ಹೋಗ್ತಾನ."

ಹುಡುಗನನ್ನು ಬೇರೆ ಕೂರಿಸಿ ಮಾತಾಡಿಸಿದೆ. ಸುಮಾರು ಹೊತ್ತು ಬಾಯಿ ಬಿಡಲಿಲ್ಲ. ಆಮೇಲೆ ಅಂದ: "ನಾ ಬಿಡಂಗಿಲ್ರಿ, ಅವ್ವನ ಕಸಗೋತಾಳ."

ಆಗಿದ್ದು ಇಷ್ಟು. ಒಂದು ರವಿವಾರ ರಾತ್ರಿ ಅಡಿಗೆ ತಾನೇ ಮಾಡ್ತೀನಿ ಅಂದಿದ್ದ. ಅವ್ವ ಖುಷಿಯಿಂದಲೇ ಒಪ್ಪಿದ್ದರು. ಆದರೆ ಉಳ್ಳಾಗಡ್ಡಿ ದಪ್ಪ ಹೆಚ್ಚಿದ ಅಂತ ಚಾಕು ಇಸಕೊಂಡರು, ಒಗ್ಗರಣೆ ಸೀದೀತು ಅಂತ ಉರಿ ಸಣ್ಣ ಮಾಡಿದರು, ಉಪ್ಪು ತಾವೇ ಹಾಕಿದರು, ಕಡೆಗೆ ಅವನಿಗೆ ಉಳಿದದ್ದು ತಾಟು ಇಡೋ ಕೆಲಸ. ಇಷ್ಟೆಲ್ಲ ಆದಮೇಲೆ ಊಟಕ್ಕೆ ಕೂತಾಗ "ಇವತ್ತಿನ ಅಡಿಗಿ ನಮ್ಮ ಅಭಿಂದು" ಅಂತ ಹೊಗಳಿದರು. ಹುಡುಗ ಉಣ್ಣದೇ ಎದ್ದು ಹೋದ. ಕಸಿದುಕೊಂಡದ್ದಕ್ಕಿಂತ ಈ ಸುಳ್ಳು ಹೊಗಳಿಕೆಗೇ ಅವನಿಗೆ ಜಾಸ್ತಿ ಸಿಟ್ಟು. 12 ವರ್ಷದ ಮಕ್ಕಳಿಗೆ ಇದೆಲ್ಲ ತಿಳಿಯಲ್ಲ ಅಂತ ದೊಡ್ಡವರು ಯಾಕೆ ಅಂದುಕೊಳ್ತಾರೋ!

ತಾಯಿಗೆ ನಾನು ಹೇಳಿದ್ದು: ಇನ್ನೊಂದು ರವಿವಾರ ಪೂರ್ತಿ ಅವನ ಕೈಗೆ ಕೊಡಿ. ಏನು ಮಾಡಬೇಕು ಅನ್ನೋದೂ ಅವನದೇ ನಿರ್ಧಾರ. ಅವನು ಝುಣಕಾ (ಕಡಲೆಹಿಟ್ಟಿನ ಪಲ್ಯ) ಅಂದ. ಅದರ ಜೊತೆಗೆ ರೊಟ್ಟಿ? ಜೋಳದ ಹಿಟ್ಟಿಗೆ ಗೋಧಿಯ ಜಿಗುಟು ಇರಲ್ಲ, ಬಿಸಿನೀರಲ್ಲಿ ನಾದಿ ಬಡಿಯೋದು ಒಂದು ದಿನದಲ್ಲಿ ಬರೋ ಕೆಲಸ ಅಲ್ಲ. ರೊಟ್ಟಿ ಹೊರಗಿನಿಂದ ತರ್ತೀನಿ ಅಂದ, ಅವ್ವನಿಗೆ ಅದು ಹಿಡಿಸಲಿಲ್ಲ. ತರಲಿ ಬಿಡಿ ಅಂದೆ. ತನ್ನಿಂದ ಆಗದ್ದನ್ನು ಮೊದಲೇ ಲೆಕ್ಕ ಹಾಕಿದನಲ್ಲ, ಅದೂ ಅಡಿಗೆಯೇ.

ಗ್ಯಾಸ್ ಹಚ್ಚೋದು, ಚಾಕು ಹಿಡಿಯೋದು ಹಿಂದಿನ ದಿನವೇ ಕಲಿಸಿ, ಆ ಸಂಜೆ ಪಾಠ ಬೇಡ. ಬಾಣಲೆಯ ಹಿಡಿಕೆ ಒಳಮುಖ ಇರಲಿ. ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಹಾಕಬಾರದು, ಗ್ಯಾಸ್ ಬಂದ್ ಮಾಡಿ ಮುಚ್ಚಳ ಮುಚ್ಚಬೇಕು, ಇದನ್ನು ಅವನ ಬಾಯಲ್ಲೇ ಹೇಳಿಸಿ. ನೀವು ಬಾಗಿಲ ಹತ್ತಿರ ಕುರ್ಚಿ ಹಾಕಿ ಕೂತಿರಿ. ಬೆಂಕಿ, ಚಾಕು, ಕುದಿಯೋ ನೀರು, ಇವುಗಳ ವಿಷಯಕ್ಕೆ ಬಿಟ್ಟು ಬಾಯಿ ತೆರೆಯಬೇಡಿ. ಊಟ ತಡ ಆಗೇ ಆಗುತ್ತೆ, ಅಪ್ಪನಿಗೆ ಸಂಜೆಗೇ ಒಂದಿಷ್ಟು ಚುರಮುರಿ ಕೊಟ್ಟುಬಿಡಿ. ಉಪ್ಪು ಜಾಸ್ತಿಯಾದರೆ ಸುಮ್ನೆ ಮೊಸರು ಹಾಕಿಕೊಳ್ಳಿ, ಸೂಪರ್ ಅಂತನೂ ಅನ್ನಬೇಡಿ.

ಮಾಡಿದ ಪ್ರತಿ ಸಲ ನೂರು ರೂಪಾಯಿ ಕೊಡ್ತೀನಿ ಅಂತ ಅಪ್ಪ ಹೇಳಿ ಕಳಿಸಿದ್ದರು. ಬೇಡ ಅಂದೆ. 1973ರಲ್ಲಿ ಮನಶ್ಶಾಸ್ತ್ರಜ್ಞ ಮಾರ್ಕ್ ಲೆಪ್ಪರ್ ಮತ್ತು ಜೊತೆಗಾರರು ಚಿತ್ರ ಬಿಡಿಸೋ ಆಸೆ ಇದ್ದ ಶಿಶುವಿಹಾರದ ಮಕ್ಕಳಲ್ಲಿ ಕೆಲವರಿಗೆ ಬಹುಮಾನ ಕೊಡ್ತೀವಿ ಅಂತ ಮೊದಲೇ ಹೇಳಿ ಬಿಡಿಸಲು ಹಚ್ಚಿದರು. ಆಮೇಲೆ ಬಿಡುವಿನ ಹೊತ್ತಲ್ಲಿ ಆ ಮಕ್ಕಳೇ ಉಳಿದವರಿಗಿಂತ ಕಡಿಮೆ ಬಿಡಿಸಿದರು. ಅಭಿಗೆ ಆಸೆ ತಾನಾಗಿಯೇ ಹುಟ್ಟಿದೆ, ಅದಕ್ಕೆ ರೇಟು ಕಟ್ಟೋದು ಯಾಕೆ?

"ಗಂಡು ಹುಡುಗನ್ನ ಒಲಿ ಮುಂದ ಯಾಕ ನಿಂದರಸ್ತಿ" ಅನ್ನೋದು ಅಜ್ಜಿಯ ತಕರಾರು. ಲಗ್ನದ ಮನೆಯಲ್ಲಿ ಅಡಿಗೆಯವರು ಹೆಚ್ಚಾಗಿ ಗಂಡಸರೇ ಅಲ್ವಾ ಅಜ್ಜಿ ಅಂತ ಫೋನಿನಲ್ಲಿ ಕೇಳಿದೆ. ನಕ್ಕರು, ಒಪ್ಪಲಿಲ್ಲ.

ರವಿವಾರ ಅಭಿ ಕಡಲೆಹಿಟ್ಟನ್ನು ಒಂದೇ ಸಲ ಕುದಿಯೋ ನೀರಿಗೆ ಸುರಿದ. ಗಂಟು ಗಂಟಾಯಿತು. ತಾಯಿ ಕುರ್ಚಿಯಿಂದ ಎದ್ದು ಮತ್ತೆ ಕೂತರಂತೆ. ಹುಡುಗ ಸೌಟಿನಲ್ಲಿ ಗಂಟು ಒಡೆದು ಒಡೆದು ಒಂಬತ್ತೂವರೆಗೆ ಬಡಿಸಿದ, ತಾನೂ ಎರಡು ರೊಟ್ಟಿ ಉಂಡ. ಗಂಟು ಯಾಕಾಯ್ತು ಅಂತ ಮರುದಿನ ತಾನೇ ಹೋಗಿ ಅಜ್ಜಿಯನ್ನು ಕೇಳಿದ್ದಾನೆ. ಹಿಟ್ಟು ಸ್ವಲ್ಪ ಸ್ವಲ್ಪ ಉದುರಿಸ್ತಾ ತಿರುವಬೇಕು ಅಂತ ಅಜ್ಜಿ ಹೇಳಿಕೊಟ್ಟಿದ್ದಾರೆ, ಗಂಡು ಹುಡುಗ ಅನ್ನೋದು ಮರೆತು.

ಈಗ ಉಳಿದ ಜಗಳ ಭಾಂಡೆ ಯಾರು ತಿಕ್ಕಬೇಕು ಅನ್ನೋದು. ಅಡಿಗೆ ಮಾಡಿದವನ ಮೇಲೆ ಅದನ್ನೂ ಹೊರಿಸಬೇಡಿ, ಉಂಡವರು ತಿಕ್ಕಲಿ ಅಂದಿದ್ದೇನೆ. ಅಪ್ಪ ಒಪ್ಪಿಲ್ಲ. ಮುಂದಿನ ಸಲ ಅವರನ್ನೂ ಕರೆದುಕೊಂಡು ಬನ್ನಿ ಅಂತ ಹೇಳಿ ಕಳಿಸಿದ್ದೇನೆ.