ಅಲಾರಂ ಒಂದೇ ಸಾಲಲ್ಲ, ಫೋನ್ ಮಾಡಿ ಕೇಳಿ

(ಓದುಗರ ಪ್ರಶ್ನೆಗಳು: ಕ್ಯಾನ್ಸರ್ ಮಾತ್ರೆ ಮನೇಲೇ ತಗೊಳ್ಳೋರಿಗೆ)

ಪ್ರಶ್ನೆ: ನಮ್ಮೂರು ಹೊಸನಗರದ ಹತ್ರ, ನಾನಿರೋದು ಬೆಂಗಳೂರಲ್ಲಿ. ಅಪ್ಪಂಗೆ ದೊಡ್ಡ ಕರುಳಿನ ಕ್ಯಾನ್ಸರ್ ಆಪರೇಷನ್ ಆಗಿ ಈಗ ಕ್ಯಾಪೆಸಿಟಾಬಿನ್ ಮಾತ್ರೆ ಕೊಟ್ಟಿದಾರೆ, ಬೆಳಿಗ್ಗೆ ರಾತ್ರಿ ಎರಡು ಹೊತ್ತು, 14 ದಿನ ತಗೊಂಡು 7 ದಿನ ಬಿಡ್ಬೇಕು. ಮನೇಲಿ ಅಪ್ಪ ಅಮ್ಮ ಇಬ್ರೇ, ಇರೋದು ಒಂದು ಕೀಪ್ಯಾಡ್ ಫೋನು, ಸಿಗ್ನಲ್ ಬರೋದು ತೋಟದ ಮೇಲಿನ ಗುಡ್ಡದಲ್ಲಿ. ಕೇಳಿದ್ರೆ "ತಗಂಡೆ ಮಾರಾಯ" ಅಂತಾರೆ, ಊರಿಗೆ ಹೋಗಿ ನೋಡಿದ್ರೆ ಶೀಟಲ್ಲಿ ಮಾತ್ರೆ ಉಳಿದಿರತ್ತೆ. ಯಾವ ಆಪ್ ಹಾಕ್ಕೊಡ್ಲಿ?

ಉತ್ತರ: ಆಪ್ ಬೇಡ, ಆ ಕೀಪ್ಯಾಡ್ ಫೋನೇ ಸಾಕು, ಅದರ ಅಲಾರಂಗೆ ನೆಟ್‌ವರ್ಕೂ ಬೇಡ ಇಂಟರ್ನೆಟ್ಟೂ ಬೇಡ, ಮಳೆಗಾಲದಲ್ಲಿ ಕರೆಂಟ್ ಹೋಗಿ ಟವರ್ ಸತ್ತಾಗ್ಲೂ ಬ್ಯಾಟರಿ ಇದ್ರೆ ಬಡಿಯತ್ತೆ. ಟೈಮ್ ಇಡುವಾಗ ಗಡಿಯಾರ ನೋಡ್ಬೇಡಿ, ಅವರ ತಿಂಡಿ ಊಟ ನೋಡಿ ಇಡಿ. ಈ ಮಾತ್ರೆನ ಊಟ ಆಗಿ ಅರ್ಧ ಗಂಟೆಯೊಳಗೆ ನೀರಿನ ಜೊತೆ ತಗೋಬೇಕು, ತೋಟದ ಕೆಲಸ ಮುಗಿಸಿ ಒಂಬತ್ತೂವರೆಗೆ ತಿಂಡಿ ತಿನ್ನೋರಿಗೆ ಏಳಕ್ಕೆ ಅಲಾರಂ ಇಟ್ರೆ ಖಾಲಿ ಹೊಟ್ಟೇಲಿ ನುಂಗ್ತಾರೆ, ಇಲ್ಲಾಂದ್ರೆ ಆಮೇಲೆ ಅಂತ ಆಫ್ ಮಾಡಿ ಮರೀತಾರೆ.

ಇದ್ರಲ್ಲಿ ಒಂದು ಅಪಾಯ ಇದೆ. ದಿನಾ ಬಡಿಯೋ ಅಲಾರಂಗೆ ಆ 7 ದಿನದ ಬಿಡುವು ಗೊತ್ತಿಲ್ಲ. 15ನೇ ದಿನಾನೂ ಬಡಿಯತ್ತೆ, ಮನೇಲಿ ಶೀಟ್ ಉಳಿದಿದ್ರೆ ಹಿರಿಯರು ತಗೊಂಡೇ ಬಿಡ್ತಾರೆ. ದೇಹ ಚೇತರಿಸ್ಕೊಳ್ಳೋಕೆ ಅಂತಲೇ ಕೊಟ್ಟಿರೋ ಬಿಡುವು ಅದು. ಹಾಗಾಗಿ ಗೋಡೆ ಕ್ಯಾಲೆಂಡರಲ್ಲಿ ಶುರುವಾಗೋ ದಿನ, ನಿಲ್ಲಿಸೋ ದಿನ ಎರಡಕ್ಕೂ ದೊಡ್ಡದಾಗಿ ಸುತ್ತು ಹಾಕಿಡಿ, 14ನೇ ದಿನ ರಾತ್ರಿ ಮಾತ್ರೆ ಆದ್ಮೇಲೆ ಅಮ್ಮ ಅಲಾರಂ ತೆಗೀಬೇಕು. ಮುಂದಿನ ಸುತ್ತಿಗೂ ತಾವಾಗೇ ಶುರು ಮಾಡೋದಲ್ಲ, ರಕ್ತ ಪರೀಕ್ಷೆ ನೋಡಿ ಡಾಕ್ಟ್ರು ಹೂಂ ಅಂದ್ಮೇಲೆ.

ಈಗ ಶೀಟಲ್ಲಿ ಮಾತ್ರೆ ಉಳಿದಿದ್ದು ಯಾಕೆ ಅನ್ನೋದು. ಮರೆತ್ರು ಅಂತ ನೀವು ಅಂದ್ಕೊಂಡಿದೀರ, ನನಗೆ ಅಷ್ಟೇ ಅಂತ ಅನ್ಸಲ್ಲ. ಕ್ಯಾಪೆಸಿಟಾಬಿನ್ ತಗೊಳ್ಳೋರಲ್ಲಿ ತುಂಬಾ ಜನಕ್ಕೆ ಅಂಗೈ ಅಂಗಾಲು ಕೆಂಪಾಗಿ ಉರಿಯತ್ತೆ, ಸಿಪ್ಪೆ ಏಳತ್ತೆ. ಅಡಿಕೆ ಸುಲಿಯೋ ಕೈಗೆ, ತೋಟದಲ್ಲಿ ಬರಿಗಾಲಲ್ಲಿ ಓಡಾಡೋ ಕಾಲಿಗೆ ಇದು ಎಷ್ಟು ಕಷ್ಟ ಅಂತ ಯೋಚ್ನೆ ಮಾಡಿ, ಮೇಲಿಂದ ಹಂಡೆ ನೀರು ಸುಡುಸುಡು ಹೊಯ್ಕೊಂಡ್ರೆ ಇನ್ನೂ ಜಾಸ್ತಿ. ಮಗನಿಗೆ ಹೇಳಿದ್ರೆ ರಜೆ ಹಾಕಿ ಓಡಿ ಬರ್ತಾನೆ ಅಂತ ಸುಮ್ನಿದ್ದು ಒಂದೊಂದು ಹೊತ್ತು ತಾವೇ ಬಿಟ್ಟಿರಬಹುದು. ಆ ಕಾಲಲ್ಲಿ ಗುಡ್ಡ ಹತ್ತಿ ಫೋನ್ ಮಾಡೋದಾದ್ರೂ ಹೇಗೆ? ಪಕ್ಕದ ಮನೇಲಿ ಫೈಬರ್ ಕನೆಕ್ಷನ್ ಇದ್ರೆ ಸಂಜೆ ಹೊತ್ತು ಅಲ್ಲಿಂದ ವಾಟ್ಸಾಪ್ ಕಾಲ್ ಮಾಡ್ಸೋ ಏರ್ಪಾಡು ಮಾಡಿ.

ಮಾತಾಡುವಾಗ "ಮಾತ್ರೆ ತಗೊಂಡ್ರಾ" ಅನ್ನೋದನ್ನ ಕೊನೆಗೆ ಇಟ್ಕೊಳ್ಳಿ. ಮೊದ್ಲು ಊಟ ಸೇರ್ತಾ, ಬಾಯಲ್ಲಿ ಹುಣ್ಣಿದ್ಯಾ, ಎಷ್ಟು ಸಲ ಹೊರಗೆ ಹೋದ್ರು, ಅಂಗಾಲು ಹೇಗಿದೆ ಅಂತ ಕೇಳಿ. ಮಾಮೂಲಿಗಿಂತ ದಿನಕ್ಕೆ ನಾಲ್ಕು ಸಲ ಜಾಸ್ತಿ ಭೇದಿ ಆದ್ರೆ, ಒಂದೇ ದಿನದಲ್ಲಿ ಎರಡು ಸಲ ವಾಂತಿ ಆದ್ರೆ, ಹುಣ್ಣಿಂದ ಊಟವೇ ಇಳೀತಿಲ್ಲ, ನೋವಿಗೆ ಕಾಲೂರಕ್ಕೆ ಆಗ್ತಿಲ್ಲ ಅಂದ್ರೆ, ಜ್ವರ 100.4 ಡಿಗ್ರಿ ದಾಟಿದ್ರೆ, ಮುಂದಿನ ಮಾತ್ರೆ ನುಂಗೋಕೆ ಮುಂಚೆ ಆಸ್ಪತ್ರೆಗೆ ಫೋನ್ ಹೋಗ್ಬೇಕು. ಅಂಥಾ ಹೊತ್ತಲ್ಲಿ ಮಾತ್ರೆ ನಿಲ್ಲಿಸೋದೇ ಸರಿಯಾದ ಚಿಕಿತ್ಸೆ, ಅಲಾರಂ ಮಾತ್ರ ತಗೋ ತಗೋ ಅಂತಲೇ ಇರತ್ತೆ. ಕೀಮೋ ವಾರ್ಡಿನ ಸಿಸ್ಟರ್ ಹತ್ರ ನಂಬರ್ ಕೇಳಿ ಆ ಕ್ಯಾಲೆಂಡರ್ ಮೇಲೇ ಬರೆದಿಡಿ.

ಕೀನ್ಯಾದಲ್ಲಿ ಎಚ್‌ಐವಿ ಮಾತ್ರೆ ತಗೊಳ್ತಿದ್ದ 538 ಜನರ ಮೇಲೆ ಒಂದು ಪ್ರಯೋಗ ಆಗಿತ್ತು, 2010ರಲ್ಲಿ ಪ್ರಕಟ ಆಯ್ತು. ವಾರಕ್ಕೊಂದು ಎಸ್ಎಂಎಸ್, ಅದ್ರಲ್ಲಿ ಮಾತ್ರೆ ಸುದ್ದಿನೇ ಇಲ್ಲ, ಹೇಗಿದೀರ ಅಂತ ಮಾತ್ರ. ತೊಂದ್ರೆ ಇದೆ ಅಂದೋರಿಗೆ, ಎರಡು ದಿನದಲ್ಲಿ ಉತ್ತರ ಕೊಡದೇ ಇದ್ದೋರಿಗೆ ಸಿಬ್ಬಂದಿ ಫೋನ್ ಮಾಡೋರು. ಮೆಸೇಜ್ ಬರ್ತಿದ್ದೋರಲ್ಲಿ 62% ಜನ ಸರಿಯಾಗಿ ಮಾತ್ರೆ ತಗೊಂಡ್ರು, ಬರದೇ ಇದ್ದೋರಲ್ಲಿ 50%. ಕಾಯಿಲೆ ಬೇರೆ, ಆದ್ರೂ ಈ ಕ್ರಮ ನಿಮ್ಮನೇಲಿ ಇವತ್ತೇ ಶುರು ಮಾಡ್ಬಹುದು.

ಪ್ರಶ್ನೆ: ಸ್ತನ ಕ್ಯಾನ್ಸರಿಗೆ ಟ್ಯಾಮೋಕ್ಸಿಫೆನ್ ತಗೊಳ್ತಿದೀನಿ. ಮೊಬೈಲ್ ರಿಮೈಂಡರ್ ದಿನಾ ಬರತ್ತೆ, ಆದ್ರೆ ರಾತ್ರಿಯೆಲ್ಲ ಮೈ ಬಿಸಿಯಾಗಿ ಬೆವರಿ ನಿದ್ದೆ ಇಲ್ಲ, ವಾರಕ್ಕೆ ಎರಡು ದಿನ ಬಿಟ್ಟುಬಿಡ್ತೀನಿ. ತಪ್ಪಾ? (ಸಾಗರದ ಓದುಗರು)

ಉತ್ತರ: ತಪ್ಪು ಅಂತ ನಿಮ್ಮನ್ನ ಬೈಯ್ಯೋಕೆ ನನಗೆ ಮನಸಿಲ್ಲ, ಆದ್ರೆ ಹೀಗೆ ಬಿಡ್ಬೇಡಿ ತಾಯಿ. 5 ವರ್ಷ, ಕೆಲವರಿಗೆ 10 ವರ್ಷ ತಗೋಬೇಕಾದ ಮಾತ್ರೆ ಇದು. ಸ್ತನ ಕ್ಯಾನ್ಸರಿನ ಇನ್ನೊಂದು ಥರದ ಹಾರ್ಮೋನ್ ಮಾತ್ರೆ ತಗೊಳ್ತಿದ್ದ ಹೆಂಗಸರಿಗೆ ಅಮೆರಿಕದಲ್ಲಿ ವಾರಕ್ಕೆ ಎರಡು ಸಲ ಮೆಸೇಜ್ ಕಳಿಸಿ ಮೂರು ವರ್ಷ ನೋಡಿದ್ರು, 700ಕ್ಕೂ ಹೆಚ್ಚು ಜನ ಇದ್ರು, ಮೆಸೇಜ್ ಬಂದೋರಿಗೂ ಬರದೇ ಇದ್ದೋರಿಗೂ ಹೇಳ್ಕೊಳ್ಳೋವಷ್ಟು ವ್ಯತ್ಯಾಸ ಕಾಣ್ಲಿಲ್ಲ. ಅಡ್ಡಿಯಾಗ್ತಿರೋದು ಬೆವರು, ಅದಕ್ಕೆ ಔಷಧಿ ಬೇಕು. ಹಾಗಾಗಿ ರಿಮೈಂಡರ್ ಆಫ್ ಮಾಡಿದ್ರೂ ಚಿಂತಿಲ್ಲ, ಡಾಕ್ಟ್ರಿಗೆ ಫೋನ್ ಮಾಡಿ ಬೆವರಿನ ಕಥೆ ಪೂರ್ತಿ ಹೇಳಿ, ಕಡಿಮೆ ಮಾಡೋ ದಾರಿಗಳಿವೆ. ಅಂಗಡೀಲಿ ಕೇಳಿ ನೀವೇ ಏನೂ ತಗೋಬೇಡಿ, ಖಿನ್ನತೆಗೆ ಕೊಡೋ ಪ್ಯಾರೊಕ್ಸೆಟಿನ್ ಥರದ ಕೆಲವು ಮಾತ್ರೆ ಟ್ಯಾಮೋಕ್ಸಿಫೆನ್ ಕೆಲಸಕ್ಕೇ ಅಡ್ಡ ಬರತ್ತೆ. ಒಂದು ಕಾಲು ಮಾತ್ರ ಊದಿ ನೋವು ಬಂದ್ರೆ, ಮುಟ್ಟು ನಿಂತ್ಮೇಲೆ ರಕ್ತ ಕಂಡ್ರೆ ಅದನ್ನ ಅವತ್ತೇ ಹೇಳಿ.

ಪ್ರಶ್ನೆ: ತಮ್ಮನಿಗೆ ರಕ್ತದ ಕ್ಯಾನ್ಸರ್, ಸಿಎಂಎಲ್. ಇಮಾಟಿನಿಬ್ 400 ತಗೊಳ್ತಾನೆ. ರಿಪೋರ್ಟ್ ಚೆನ್ನಾಗಿದೆ ಅಂತ ಈಗ ಅಸಡ್ಡೆ. ಒಂದಿನ ತಪ್ಪಿದ್ರೆ ಮಾರನೇ ದಿನ ಎರಡು ತಗೋಬಹುದಾ? (ತೀರ್ಥಹಳ್ಳಿ)

ಉತ್ತರ: ಎರಡು ತಗೋಬಾರ್ದು. ತಪ್ಪಿದ್ದು ತಪ್ಪೋಯ್ತು, ಮಾರನೇ ದಿನದ್ದು ಮಾಮೂಲಿ ಹೊತ್ತಿಗೆ, ಊಟದ ಜೊತೆ ದೊಡ್ಡ ಲೋಟ ನೀರಲ್ಲಿ. ರಿಪೋರ್ಟ್ ಚೆನ್ನಾಗಿರೋದು ಮಾತ್ರೆಯಿಂದ್ಲೇ ಅಂತ ತಮ್ಮನಿಗೆ ಹೇಳಿ. ಲಂಡನ್ನಲ್ಲಿ ಇದೇ ಕಾಯಿಲೆಯ 87 ಜನರ ಮಾತ್ರೆ ಡಬ್ಬಿ ಮುಚ್ಚಳದಲ್ಲಿ ಚಿಪ್ ಇಟ್ಟು ಎಷ್ಟು ಸಲ ತೆಗೀತಾರೆ ಅಂತ ಲೆಕ್ಕ ಇಟ್ರು. ಮಾತ್ರೆ 90%ಗಿಂತ ಹೆಚ್ಚು ತಗೊಂಡೋರಲ್ಲಿ ಒಳ್ಳೇ ಫಲಿತಾಂಶ ಸಿಗೋ ಸಾಧ್ಯತೆ 94.5% ಇತ್ತು, 90% ಇಲ್ಲಾ ಅದಕ್ಕಿಂತ ಕಡಿಮೆ ತಗೊಂಡೋರಲ್ಲಿ 28.4%. ತಿಂಗಳಿಗೆ ಮೂರೇ ಮೂರು ತಪ್ಪಿದ್ರೂ 90%ಗೆ ಇಳಿದಂಗೆ.

ಚಕ್ಕೋತ ಹಿತ್ತಲಲ್ಲಿದ್ರೂ ಅವನಿಗೆ ಬೇಡ, ಅದರ ಜಾತಿಯ ಹಣ್ಣು ಈ ಮಾತ್ರೆಯ ಪ್ರಮಾಣ ರಕ್ತದಲ್ಲಿ ಏರಿಸಬಹುದು. ಇನ್ನು ಫೋನಲ್ಲಿ ದಿನದ ಅಲಾರಂ ಜೊತೆ ಇನ್ನೊಂದು ಹಾಕ್ಕೊಡಿ, ಹತ್ತು ದಿನದ ಮಾತ್ರೆ ಉಳಿದಾಗ ಬಡಿಯೋ ಹಾಗೆ, ಮಳೆಗಾಲದಲ್ಲಿ ಮರ ಬಿದ್ದು ರಸ್ತೆ ಬಂದ್ ಆಗೋಕೆ ಮುಂಚೆ ಮುಂದಿನ ತಿಂಗಳ ಶೀಟ್ ಮನೇಲಿರ್ಬೇಕು.