ಬಿದ್ದ ಬ್ಯಾಂಕ್ ಷೇರು: ಅಗ್ಗವೋ, ಅರ್ಧಕ್ಕೆ ಇಳಿದದ್ದಷ್ಟೆಯೋ?

ಪ್ರಶ್ನೆ: 2008ರಾಗ ಅಮೆರಿಕದ ಮನಿ ಸಾಲ ಮುಳುಗಿದಾಗ ಬ್ಯಾಂಕ್ ಷೇರು ತಗೊಂಡವರು ಶ್ರೀಮಂತರಾದ್ರು ಅಂತಾರ. ತೊಗರಿ ಮಾರಿದ ಎರಡು ಲಕ್ಷ ಕೈಯಾಗ ಅದ. ಇಲ್ಲಿ ಅಂಥ ಹೊತ್ತು ಬಂದ್ರ ತಗೋಬಹುದೇನ್ರಿ?
— ಓದುಗರು, ನೆಹರೂ ಗಂಜ್, ಕಲಬುರಗಿ

ಉತ್ತರ: ಶ್ರೀಮಂತರಾದವರು ಕೆಲವರು, ಅವರ ಮಾತೇ ಹೆಚ್ಚು ಕೇಳಿಸುತ್ತದೆ. ಅಮೆರಿಕದ ವಾಷಿಂಗ್ಟನ್ ಮ್ಯೂಚುವಲ್ ಬ್ಯಾಂಕು 2008ರ ಸೆಪ್ಟೆಂಬರ್ 25ರಂದು ಮುಚ್ಚಿ ಜೆಪಿ ಮಾರ್ಗನ್ ಬ್ಯಾಂಕಿನ ಪಾಲಾಯಿತು. ಠೇವಣಿ ಉಳಿಯಿತು, ಷೇರುದಾರರ ಹಣ ಹೋಯಿತು. ಅಲ್ಲಿನ ಇನ್ನೊಂದು ದೊಡ್ಡ ಬ್ಯಾಂಕ್ ಸಿಟಿಗ್ರೂಪ್ ಮುಳುಗಲಿಲ್ಲ, 2007ರ ಆರಂಭದಲ್ಲಿ 55 ಡಾಲರ್ ಆಸುಪಾಸಿದ್ದ ಷೇರು 2009ರ ಮಾರ್ಚ್‌ನಲ್ಲಿ ಒಂದು ಡಾಲರಿಗಿಂತ ಕೆಳಗಿಳಿಯಿತು. ಆಗ ಕೊಂಡವರು ಗೆದ್ದರು. 20 ಡಾಲರಿದ್ದಾಗಲೇ ಅಗ್ಗವೆಂದು ಕೊಂಡವರು? ಬಂಡವಾಳಕ್ಕಾಗಿ ಹೊಸ ಷೇರು ಹುಟ್ಟಿ ಅವರ ಪಾಲು ಕರಗಿತು. 2011ರಲ್ಲಿ ಹತ್ತು ಹಳೆ ಷೇರಿಗೆ ಒಂದು ಹೊಸದಾಯಿತು. ಆಮೇಲಿನ 40 ಡಾಲರ್ ಎಂದರೆ ಹಳೆ ಲೆಕ್ಕದಲ್ಲಿ ಬರೀ ನಾಲ್ಕು.

ಆದ್ದರಿಂದ ಬೆಲೆ ಎಷ್ಟು ಬಿದ್ದಿದೆ ಎಂಬುದನ್ನು ಬಿಟ್ಟು, ಬಂಡವಾಳ ಎಷ್ಟು ಉಳಿದೀತು ಎಂದು ಲೆಕ್ಕ ಹಾಕಿ. ತ್ರೈಮಾಸಿಕ ವರದಿಯಲ್ಲಿ ಒಟ್ಟು ಸಾಲ, ನಿವ್ವಳ ಮೌಲ್ಯ (ಆಸ್ತಿಯಲ್ಲಿ ಹೊಣೆ ಕಳೆದು ಉಳಿದ ಷೇರುದಾರರ ಹಣ), ನಿವ್ವಳ ಎನ್‌ಪಿಎ (ವಸೂಲಾಗದ ಕೆಟ್ಟ ಸಾಲದಲ್ಲಿ ನಷ್ಟಕ್ಕೆಂದು ತೆಗೆದಿಟ್ಟ ಹಣ ಕಳೆದು ಉಳಿದದ್ದು) ಸಿಗುತ್ತವೆ. ಸಾಲ ಒಂದು ಲಕ್ಷ ಕೋಟಿ, ನಿವ್ವಳ ಮೌಲ್ಯ 9,000 ಕೋಟಿ, ಷೇರುಗಳ ಸಂಖ್ಯೆ 100 ಕೋಟಿ ಎನ್ನಿ. ಪುಸ್ತಕ ಮೌಲ್ಯ, ಅಂದರೆ ಒಂದು ಷೇರಿನ ಪಾಲಿನ ನಿವ್ವಳ ಮೌಲ್ಯ, 90 ರೂಪಾಯಿ. ಪೇಟೆಯಲ್ಲಿ 60ಕ್ಕೆ ಸಿಗುತ್ತದೆ, ಆಸೆ ಹುಟ್ಟುವುದು ಸಹಜ. ನೂರಕ್ಕೆ ಹತ್ತು ಸಾಲ ಕೆಟ್ಟು, ಹರಾಜಿನಲ್ಲಿ ಅರ್ಧ ಕೈಸೇರಿದರೂ 5,000 ಕೋಟಿ ಹೋಯಿತು. ಪುಸ್ತಕ ಮೌಲ್ಯ 40ಕ್ಕಿಳಿಯಿತು. 60 ರೂಪಾಯಿ ಈಗ ಪುಸ್ತಕ ಮೌಲ್ಯದ ಒಂದೂವರೆ ಪಟ್ಟು, ಅಂದರೆ ದುಬಾರಿ. ಎಲ್ಲ ಮನೆಗಳೂ ಒಮ್ಮೆಗೇ ಹರಾಜಿಗೆ ಬಂದಾಗ ಅರ್ಧವೂ ಬರುವುದು ಕಷ್ಟ, ಅದೇ 2008ರ ರೋಗ. ಕೊರತೆ ತುಂಬಲು ಬ್ಯಾಂಕು 30ಕ್ಕೆ ಹೊಸ ಷೇರು ಮಾರಿದರೆ ನಿಮ್ಮ ಪಾಲು ಮತ್ತೆ ಸಣ್ಣದು.

ನಮ್ಮಲ್ಲೂ ನಡೆದಿದೆ. ಮನೆ ಸಾಲ ಕೊಡುತ್ತಿದ್ದ ದಿವಾನ್ ಹೌಸಿಂಗ್ ಕಂಪನಿ ದಿವಾಳಿಯಾಗಿ 2021ರಲ್ಲಿ ಪಿರಾಮಲ್ ಸಮೂಹದ ಕೈಸೇರಿದಾಗ ಷೇರುದಾರರಿಗೆ ಸಿಕ್ಕಿದ್ದು ಸೊನ್ನೆ. 2020ರಲ್ಲಿ ಲಕ್ಷ್ಮೀ ವಿಲಾಸ್ ಬ್ಯಾಂಕಿನ ಷೇರೂ ಹಾಗೇ ಅಳಿಸಿಹೋಯಿತು. ಅದೇ ವರ್ಷ ಯೆಸ್ ಬ್ಯಾಂಕ್ ಉಳಿಯಿತು, ಆದರೆ ನೂರಕ್ಕಿಂತ ಹೆಚ್ಚು ಷೇರಿದ್ದವರ ಮುಕ್ಕಾಲು ಪಾಲು ಮೂರು ವರ್ಷ ಮಾರಲಾಗದಂತೆ ಬೀಗ ಬಿತ್ತು.

ಮುಂಗಾರಿನ ಬೀಜ, ಗೊಬ್ಬರದ ಹಣ ಮೊದಲು ತೆಗೆದಿಡಿ. ಉಳಿದದ್ದರಲ್ಲಿ ಒಂದೇ ಬ್ಯಾಂಕಿಗೆ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು ಬೇಡ. ಬ್ಯಾಂಕ್ ಸೂಚ್ಯಂಕದ ಇಟಿಎಫ್ (ಹಲವು ಬ್ಯಾಂಕುಗಳ ಷೇರು ಒಟ್ಟಿಗಿರುವ, ಷೇರಿನಂತೆ ಪೇಟೆಯಲ್ಲಿ ಕೊಳ್ಳಬಹುದಾದ ನಿಧಿ) ಇನ್ನೂ ಮೇಲು. ಬೆಲೆ ಬಿದ್ದಾಗಲೆಲ್ಲ ಕೊಳ್ಳದೆ, ಫಲಿತಾಂಶ ಬಂದು ಎನ್‌ಪಿಎ ಏರಿಕೆ ನಿಂತಿದ್ದು ಕಂಡ ಮೇಲೆ ಕಂತಿನಲ್ಲಿ ಕೊಳ್ಳಿ. ಎಲ್ಲಕ್ಕಿಂತ ಕೆಳಗಿನ ಬೆಲೆ ತಪ್ಪುತ್ತದೆ, ತಪ್ಪಲಿ ಬಿಡಿ.

ಪ್ರಶ್ನೆ: ಠೇವಣಿಯಂತೆ ಬ್ಯಾಂಕ್ ಷೇರಿಗೂ ವಿಮೆ ಇದೆಯೇ?
— ಓದುಗರು, ಬೀದರ್

ಉತ್ತರ: ಇಲ್ಲ. ವಿಮೆ ಠೇವಣಿಗೆ ಮಾತ್ರ: 2020ರ ಫೆಬ್ರವರಿಯಿಂದ ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ, ಅಸಲು ಬಡ್ಡಿ ಸೇರಿ 5 ಲಕ್ಷದವರೆಗೆ. ಒಂದೇ ಬ್ಯಾಂಕಿನ ಬೇರೆ ಬೇರೆ ಶಾಖೆಗಳಲ್ಲಿಟ್ಟರೂ ಒಟ್ಟು ಅಷ್ಟೇ.